ಹತ್ತು ತಿಂಗಳಿಗೆ ಒಂದು ವರ್ಷದ ಬೋನಸ್: ಬ್ರಿಟನ್ನಿನ ಕಾರು ವಿಮೆಯಲ್ಲಿ ಈ ಲೆಕ್ಕ ಯಾರಿಗೆ ಗಿಟ್ಟುತ್ತದೆ?

ಬ್ರಿಟನ್ನಿನಲ್ಲಿ ಕಾರು ವಿಮೆಯ ಪಾಲಿಸಿ ಸಾಮಾನ್ಯವಾಗಿ ಹನ್ನೆರಡು ತಿಂಗಳಿನದು. ಆ ಅವಧಿಯಲ್ಲಿ ಕ್ಲೇಮ್ ಮಾಡದೆ ಗಾಡಿ ಓಡಿಸಿದವರ ಖಾತೆಗೆ ಒಂದು ವರ್ಷದ ನೋ ಕ್ಲೇಮ್ ಬೋನಸ್ ಜಮೆಯಾಗುತ್ತದೆ, ಮುಂದಿನ ಸಲ ಪ್ರೀಮಿಯಂ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಕಾರ್ಡಿಫ್ ನಗರದ ಅಡ್ಮಿರಲ್ ಸಮೂಹಕ್ಕೆ ಸೇರಿದ ಬ್ರ್ಯಾಂಡ್‌ಗಳು ‘ಬೋನಸ್ ಆಕ್ಸಿಲರೇಟರ್’ ಎಂಬ ಹೆಸರಿನಲ್ಲಿ ಮಾರುತ್ತ ಬಂದ ಪಾಲಿಸಿ ಈ ಕ್ರಮವನ್ನು ಸ್ವಲ್ಪ ಬದಲಿಸುತ್ತದೆ. ಅದರ ಅವಧಿ ಹತ್ತೇ ತಿಂಗಳು, ಆದರೆ ಆ ಹತ್ತು ತಿಂಗಳು ಕ್ಲೇಮ್ ಇಲ್ಲದೆ ಮುಗಿದರೆ ಸಿಗುವುದು ಪೂರ್ತಿ ಒಂದು ವರ್ಷದ ಬೋನಸ್. ಹೀಗೆ ಒಂದರ ಹಿಂದೊಂದು ಪಾಲಿಸಿ ತೆಗೆದುಕೊಳ್ಳುತ್ತ ಹೋದವರಿಗೆ ಐದು ವರ್ಷಗಳ ಬೋನಸ್ ಐವತ್ತು ತಿಂಗಳಲ್ಲೇ ಕೈಸೇರುತ್ತದೆ. ಕೇಳಲು ಹಿತವಾದ ಈ ಕೊಡುಗೆ ನಿಜವಾಗಿ ಯಾರ ಜೇಬಿಗೆ ಎಷ್ಟು ಉಳಿಸುತ್ತದೆ ಎಂಬುದನ್ನು ಅಂಕಿಗಳನ್ನಿಟ್ಟು ನೋಡುವುದು ಅಗತ್ಯ. ಏಕೆಂದರೆ ಇದು ಹೆಚ್ಚು ಆಕರ್ಷಕವಾಗಿ ಕಾಣುವುದು ಬೋನಸ್ಸೇ ಇಲ್ಲದವರಿಗೆ, ಅಂದರೆ ಆಗಷ್ಟೇ ಚಾಲನಾ ಪರೀಕ್ಷೆ ಪಾಸಾದ ಹದಿಹರೆಯದವರಿಗೆ ಮತ್ತು ಹೊರದೇಶಗಳಿಂದ ಆಗಷ್ಟೇ ಬಂದಿಳಿದವರಿಗೆ. ವಿಮೆಗೆ ಅತ್ಯಂತ ದುಬಾರಿ ದರ ತೆರುವವರೂ ಅವರೇ.

ಆ ಎರಡನೆಯ ಗುಂಪಿನಲ್ಲಿ ಕನ್ನಡಿಗರೂ ಸಾಕಷ್ಟಿದ್ದಾರೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳಿಗೆ ಬರುವ ವೈದ್ಯರು ಮತ್ತು ದಾದಿಯರು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ವರ್ಗವಾಗಿ ಬರುವ ಎಂಜಿನಿಯರುಗಳು ಹತ್ತು ಹದಿನೈದು ವರ್ಷ ಕಾರು ಓಡಿಸಿ, ಊರಿನಲ್ಲಿ ಶೇ 50ರಷ್ಟು ನೋ ಕ್ಲೇಮ್ ಬೋನಸ್ ಗಳಿಸಿದ್ದರೂ ಬ್ರಿಟನ್ನಿನ ಬಹುತೇಕ ವಿಮಾ ಕಂಪನಿಗಳ ಲೆಕ್ಕದಲ್ಲಿ ಅವರದು ಸೊನ್ನೆ ವರ್ಷ. ಭಾರತದ ಲೈಸೆನ್ಸ್ ಇಟ್ಟುಕೊಂಡು ಅಲ್ಲಿ ವಾಸಕ್ಕೆ ಬಂದ ದಿನದಿಂದ ಹನ್ನೆರಡು ತಿಂಗಳು ಮಾತ್ರ ಗಾಡಿ ಓಡಿಸಬಹುದು, ಆಮೇಲೆ ಅಲ್ಲಿನ ಪರೀಕ್ಷೆಯನ್ನೇ ಪಾಸಾಗಬೇಕು. ಆ ಮಧ್ಯಂತರದಲ್ಲಿ ವಿಮೆ ಕೊಡುವವರು ಕಡಿಮೆ, ಕೊಟ್ಟರೂ ದರ ಹೆಚ್ಚು. ಇಂಥ ಪರಿಸ್ಥಿತಿಯಲ್ಲಿರುವವರಿಗೆ ಎರಡು ತಿಂಗಳು ಮುಂಚೆ ಬೋನಸ್ ಸಿಗುತ್ತದೆ ಎಂಬ ಮಾತು ಸಣ್ಣದಲ್ಲ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸಬೇಕು. ಅಲ್ಪಾವಧಿ ವಿಮೆ ಎಂದು ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕರೆಯುವುದು ಕೆಲವು ಗಂಟೆಗಳಿಂದ ಕೆಲವು ವಾರಗಳವರೆಗಿನ ತಾತ್ಕಾಲಿಕ ಪಾಲಿಸಿಗಳನ್ನು. ಗೆಳೆಯರ ಕಾರನ್ನು ಒಂದು ವಾರಾಂತ್ಯಕ್ಕೆ ಓಡಿಸಲು ತೆಗೆದುಕೊಳ್ಳುವ ಆ ಪಾಲಿಸಿಗಳಿಂದ ಬೋನಸ್ ಬೆಳೆಯುವುದಿಲ್ಲ, ಅವನ್ನು ಹನ್ನೆರಡು ಸಲ ಜೋಡಿಸಿದರೂ ಒಂದು ವರ್ಷವೆಂದು ಯಾರೂ ಎಣಿಸುವುದಿಲ್ಲ. ಈ ಲೇಖನದ ವಿಷಯ ಹತ್ತು ತಿಂಗಳ ಪೂರ್ಣ ಪ್ರಮಾಣದ ಪಾಲಿಸಿ ಮಾತ್ರ.

ನೋ ಕ್ಲೇಮ್ ಬೋನಸ್ಸಿಗೆ ಬ್ರಿಟನ್ನಿನಲ್ಲಿ ಸರ್ಕಾರ ನಿಗದಿಪಡಿಸಿದ ಕೋಷ್ಟಕವಿಲ್ಲ. ಪ್ರತಿಯೊಂದು ಕಂಪನಿಯೂ ತನ್ನದೇ ರಿಯಾಯಿತಿಯ ಮೆಟ್ಟಿಲುಗಳನ್ನು ಕಟ್ಟಿಕೊಂಡಿದೆ. ಕ್ಲೇಮ್ ಆದರೂ ಬೋನಸ್ ಉಳಿಸಿಕೊಡುವ ‘ಬೋನಸ್ ರಕ್ಷಣೆ’ ಎಂಬ ಹೆಚ್ಚುವರಿ ಸೌಲಭ್ಯವನ್ನು ಮಾರುವ ಕಂಪನಿಗಳು, ಎಷ್ಟು ವರ್ಷದ ಬೋನಸ್ಸಿಗೆ ತಾವು ಸರಾಸರಿ ಎಷ್ಟು ರಿಯಾಯಿತಿ ಕೊಡುತ್ತೇವೆ, ಒಂದು ಕ್ಲೇಮ್ ಆದರೆ ಗ್ರಾಹಕ ಎಷ್ಟು ಮೆಟ್ಟಿಲು ಕೆಳಗಿಳಿಯುತ್ತಾನೆ ಎಂಬುದನ್ನು ತಿಳಿಸಲೇಬೇಕೆಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2015ರಲ್ಲಿ ಆದೇಶ ಹೊರಡಿಸಿತು. ಆ ಮಾಹಿತಿಯನ್ನು ಕೊಟೇಶನ್ ಪಡೆಯುವಾಗ ತೆರೆದು ಓದುವವರು ಕಡಿಮೆ, ಆದರೆ ಹತ್ತು ತಿಂಗಳ ಪಾಲಿಸಿ ಗಿಟ್ಟುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಅಲ್ಲೇ ಇರುತ್ತದೆ. ಸಾಮಾನ್ಯವಾಗಿ ಕಾಣುವ ಆಕಾರವೆಂದರೆ ಮೊದಲ ಮೆಟ್ಟಿಲು ಎತ್ತರ, ಆಮೇಲಿನವು ಗಿಡ್ಡ, ಐದು ವರ್ಷಗಳ ಆಸುಪಾಸಿನಲ್ಲಿ ಬಹುಮಟ್ಟಿಗೆ ಸಮತಟ್ಟು.

ಈ ಆಕಾರದಿಂದ ಏನು ಹುಟ್ಟುತ್ತದೆ ಎಂಬುದನ್ನು ಒಂದು ಊಹಾತ್ಮಕ ಉದಾಹರಣೆಯಲ್ಲಿ ನೋಡಬಹುದು. ಬೋನಸ್ ಇಲ್ಲದ ಒಬ್ಬ ಚಾಲಕನ ಪ್ರೀಮಿಯಂ ತಿಂಗಳಿಗೆ 100 ಪೌಂಡ್ ಎಂದುಕೊಳ್ಳೋಣ. ಒಂದು ವರ್ಷದ ಬೋನಸ್ಸಿಗೆ ಶೇ 30, ಎರಡಕ್ಕೆ ಶೇ 40, ಮೂರಕ್ಕೆ ಶೇ 50, ನಾಲ್ಕು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ಶೇ 60 ರಿಯಾಯಿತಿ ಇರಲಿ. ಬೇರೆ ಯಾವ ದರವೂ ಬದಲಾಗದೆ, ಕ್ಲೇಮ್ ಒಂದೂ ಇಲ್ಲದೆ ಐದು ವರ್ಷ ಕಳೆದರೆ, ವಾರ್ಷಿಕ ಪಾಲಿಸಿಯ ದಾರಿಯಲ್ಲಿ ಆತ ಕಟ್ಟುವ ಮೊತ್ತ ಕ್ರಮವಾಗಿ 1,200, 840, 720, 600, 480, ಒಟ್ಟು 3,840 ಪೌಂಡ್. ಹತ್ತು ತಿಂಗಳ ಪಾಲಿಸಿಗಳ ದಾರಿಯಲ್ಲಿ ಅದೇ ಅರವತ್ತು ತಿಂಗಳಿಗೆ ಆರು ಪಾಲಿಸಿಗಳಾಗುತ್ತವೆ: 1,000, 700, 600, 500, 400, 400, ಒಟ್ಟು 3,600 ಪೌಂಡ್. ಉಳಿತಾಯ 240 ಪೌಂಡ್. ಐದು ವರ್ಷಗಳಿಗೆ ಹರಡಿದರೆ ತಿಂಗಳಿಗೆ ನಾಲ್ಕು ಪೌಂಡ್. ಜಾಹೀರಾತಿನ ಧ್ವನಿಗೆ ಹೋಲಿಸಿದರೆ ಇದು ಸಾಧಾರಣ ಮೊತ್ತ, ಆದರೆ ಬಿಟ್ಟುಬಿಡುವಂಥದ್ದೂ ಅಲ್ಲ.

ಒಟ್ಟು ಮೊತ್ತಕ್ಕಿಂತ ಮುಖ್ಯವಾದದ್ದು ಈ 240 ಪೌಂಡ್ ಎಲ್ಲಿಂದ ಬರುತ್ತದೆ ಎಂಬುದು. ಮೊದಲನೆಯ ಪಾಲಿಸಿಯನ್ನು ಮಾತ್ರ ಹತ್ತು ತಿಂಗಳಿನದಾಗಿ ತೆಗೆದುಕೊಂಡು ಆಮೇಲೆ ವಾರ್ಷಿಕ ಪಾಲಿಸಿಗಳಿಗೆ ಹೊರಳಿದರೂ ಎಲ್ಲ ಮೆಟ್ಟಿಲುಗಳೂ ಎರಡೆರಡು ತಿಂಗಳು ಮುಂಚೆ ಬರುತ್ತವೆ, ಉಳಿತಾಯ 120 ಪೌಂಡ್ ಆಗುತ್ತದೆ. ಅಂದರೆ ಒಟ್ಟು ಲಾಭದ ಅರ್ಧ ಆ ಒಂದೇ ಪಾಲಿಸಿಯದು. ಎರಡನೆಯದನ್ನೂ ಹತ್ತು ತಿಂಗಳಿನದಾಗಿ ಮಾಡಿದರೆ ಹೆಚ್ಚುವರಿಯಾಗಿ ಸೇರುವುದು 60 ಪೌಂಡ್, ಮೂರನೆಯದಕ್ಕೆ 40, ನಾಲ್ಕನೆಯದಕ್ಕೆ 20. ಐದನೆಯದಕ್ಕೆ ಏನೂ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ರಿಯಾಯಿತಿ ತನ್ನ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಹಾಗಾಗಿ ಈ ಯೋಜನೆಯನ್ನು ಐವತ್ತು ತಿಂಗಳ ಓಟವೆಂದು ನೋಡುವ ಬದಲು, ಮೊದಲ ಮೆಟ್ಟಿಲನ್ನು ಬೇಗ ಹತ್ತುವ ಒಂದು ಸಲದ ಅವಕಾಶವೆಂದು ನೋಡುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಈಗಾಗಲೇ ನಾಲ್ಕೈದು ವರ್ಷದ ಬೋನಸ್ ಇರುವವರು ಇದರ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ.

ಮೇಲಿನ ಲೆಕ್ಕದಲ್ಲಿ ಒಂದು ದೊಡ್ಡ ಊಹೆ ಅಡಗಿದೆ: ಎರಡೂ ಬಗೆಯ ಪಾಲಿಸಿಗಳ ತಿಂಗಳ ದರ ಒಂದೇ ಎಂಬುದು. ವಾಸ್ತವದಲ್ಲಿ ಹಾಗಿರಬೇಕೆಂಬ ನಿಯಮವೇನೂ ಇಲ್ಲ. ಅದೇ ಉದಾಹರಣೆಯಲ್ಲಿ ಮೊದಲ ಪಾಲಿಸಿಗೆ ಐದು ವರ್ಷಗಳುದ್ದಕ್ಕೂ ಸಿಗುವ ಲಾಭ 120 ಪೌಂಡ್, ಪಾಲಿಸಿಯ ಬೆಲೆ 1,000 ಪೌಂಡ್. ಆದ್ದರಿಂದ ಹತ್ತು ತಿಂಗಳ ಪಾಲಿಸಿಯ ತಿಂಗಳ ದರ ವಾರ್ಷಿಕ ಪಾಲಿಸಿಯದಕ್ಕಿಂತ ಶೇ 12ಕ್ಕಿಂತ ಹೆಚ್ಚಿದ್ದರೆ, ಐದು ವರ್ಷ ಕ್ಲೇಮ್ ಇಲ್ಲದೆ ಕಳೆದರೂ ನಷ್ಟವೇ. ಎರಡನೆಯ ಪಾಲಿಸಿಗೆ ಈ ಮಿತಿ ಶೇ 8.5ರ ಆಸುಪಾಸಿಗೆ, ಮೂರನೆಯದಕ್ಕೆ ಶೇ 6.7ಕ್ಕೆ, ನಾಲ್ಕನೆಯದಕ್ಕೆ ಶೇ 4ಕ್ಕೆ ಇಳಿಯುತ್ತದೆ. ಕೊಟೇಶನ್‌ಗಳನ್ನು ಹೋಲಿಸುವಾಗ ಜನ ಎಡವುವುದು ಇಲ್ಲಿಯೇ. ಹತ್ತು ತಿಂಗಳ ಪಾಲಿಸಿಗೆ 950 ಪೌಂಡ್, ವಾರ್ಷಿಕ ಪಾಲಿಸಿಗೆ 1,080 ಪೌಂಡ್ ಎಂದು ಪರದೆಯ ಮೇಲೆ ಕಂಡಾಗ 130 ಪೌಂಡ್ ಉಳಿಯಿತು ಎಂಬ ಭಾವನೆ ಬರುವುದು ಸಹಜ. ತಿಂಗಳಿಗೆ ಭಾಗಿಸಿದರೆ ಮೊದಲನೆಯದು 95 ಪೌಂಡ್, ಎರಡನೆಯದು 90 ಪೌಂಡ್. ಹತ್ತು ತಿಂಗಳಲ್ಲಿ 50 ಪೌಂಡ್ ಹೆಚ್ಚು ತೆತ್ತಂತಾಯಿತು. ಶೇ 30ರ ರಿಯಾಯಿತಿ ಎರಡು ತಿಂಗಳು ಮೊದಲೇ ದೊರೆತದ್ದರಿಂದ ಉಳಿಯುವುದು ತಿಂಗಳಿಗೆ 27ರಂತೆ 54 ಪೌಂಡ್. ಮೊದಲ ನವೀಕರಣದ ಹೊತ್ತಿಗೆ ಲಾಭ ನಷ್ಟ ಸರಿಸಮವಾಗಿ, ನಿಜವಾದ ಗಳಿಕೆ ಮುಂದಿನ ಮೆಟ್ಟಿಲುಗಳಿಂದ ಬರಬೇಕು. ಮುಂದಿನ ಮೆಟ್ಟಿಲುಗಳವರೆಗೆ ಆತ ಆ ದೇಶದಲ್ಲಿ ಇರುತ್ತಾನೆಯೇ, ಕಾರು ಇಟ್ಟುಕೊಂಡಿರುತ್ತಾನೆಯೇ, ಈ ನಡುವೆ ಒಂದು ಕ್ಲೇಮೂ ಆಗದೆ ಉಳಿಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಯಾರೂ ಖಾತರಿ ಕೊಡಲಾರರು.

ಈ ಹೋಲಿಕೆ ಮಾಡುವುದು ಅಂದುಕೊಂಡಷ್ಟು ಸುಲಭವೂ ಅಲ್ಲ. ದರ ಹೋಲಿಸುವ ಜಾಲತಾಣಗಳು ವಾರ್ಷಿಕ ಪಾಲಿಸಿಯನ್ನೇ ಆಧಾರವಾಗಿಟ್ಟುಕೊಂಡು ಪಟ್ಟಿ ಕೊಡುತ್ತವೆ, ಆದ್ದರಿಂದ ಹತ್ತು ತಿಂಗಳ ಪಾಲಿಸಿಯ ಬೆಲೆಯನ್ನು ಆ ಕಂಪನಿಯಿಂದಲೇ ಪ್ರತ್ಯೇಕವಾಗಿ ಪಡೆದು, ಸ್ವಂತ ಕೈಯಿಂದ ಭಾಗಾಕಾರ ಮಾಡಿ, ಪಟ್ಟಿಯಲ್ಲಿರುವ ಅತ್ಯಂತ ಅಗ್ಗದ ವಾರ್ಷಿಕ ಪಾಲಿಸಿಯೊಂದಿಗೆ ಹೋಲಿಸಬೇಕು. ಅದೇ ಕಂಪನಿಯ ವಾರ್ಷಿಕ ಪಾಲಿಸಿಯೊಂದಿಗೆ ಮಾತ್ರ ಹೋಲಿಸಿದರೆ ಹೋಲಿಕೆ ಅರ್ಧಕ್ಕೇ ನಿಂತಂತೆ. ಕ್ಲೇಮ್ ಸಮಯದಲ್ಲಿ ಸ್ವಂತ ಜೇಬಿನಿಂದ ಕಟ್ಟಬೇಕಾದ ಮೊತ್ತ, ಕಂತಿನಲ್ಲಿ ಕಟ್ಟಿದರೆ ಬೀಳುವ ಬಡ್ಡಿ, ಪ್ರತಿ ಹೊಸ ಪಾಲಿಸಿಗೆ ಶುಲ್ಕವೇನಾದರೂ ಇದ್ದರೆ ಅದು, ಇವೆಲ್ಲ ಎರಡೂ ಕಡೆ ಒಂದೇ ಆಗಿವೆಯೇ ಎಂದು ನೋಡಬೇಕು. ಐದು ವರ್ಷದಲ್ಲಿ ಐದರ ಬದಲು ಆರು ಪಾಲಿಸಿ ಕೊಳ್ಳುವವರು ಅಂಥ ಶುಲ್ಕವನ್ನು ಒಂದು ಸಲ ಹೆಚ್ಚು ತೆರುತ್ತಾರೆ. ಪ್ರೀಮಿಯಂ ಮೇಲೆ ಬೀಳುವ ಶೇ 12ರ ವಿಮಾ ತೆರಿಗೆ 2017ರ ಜೂನ್‌ನಿಂದ ಹಾಗೆಯೇ ಇದೆ. ಅದು ಮೊತ್ತಕ್ಕೆ ತಕ್ಕಂತೆ ಬೀಳುವುದರಿಂದ ಈ ಹೋಲಿಕೆಯನ್ನು ಕೆಡಿಸುವುದಿಲ್ಲ.

ಇನ್ನು ಮಾರುಕಟ್ಟೆಯ ಏರಿಳಿತ. ಬ್ರಿಟಿಷ್ ವಿಮಾ ಕಂಪನಿಗಳ ಸಂಘದ ಅಂಕಿಗಳ ಪ್ರಕಾರ ಕಾರು ವಿಮೆಯ ಸರಾಸರಿ ಪ್ರೀಮಿಯಂ 2022ರಲ್ಲಿ 434 ಪೌಂಡ್ ಇದ್ದದ್ದು 2023ರಲ್ಲಿ 543 ಪೌಂಡ್‌ಗೆ ಏರಿತು, ಅಂದರೆ ಒಂದೇ ವರ್ಷದಲ್ಲಿ ಶೇ 25ರ ಜಿಗಿತ. ಬಿಡಿಭಾಗಗಳ ಬೆಲೆ, ದುರಸ್ತಿಯ ಕೂಲಿ, ಹಳೆಯ ಕಾರುಗಳ ಬೆಲೆ ಎಲ್ಲವೂ ಒಟ್ಟಿಗೆ ಏರಿದ ಕಾಲ ಅದು. ಇಂಥ ಏರುದಾರಿಯಲ್ಲಿ ವಾರ್ಷಿಕ ಪಾಲಿಸಿ ಹಳೆಯ ದರವನ್ನು ಹನ್ನೆರಡು ತಿಂಗಳು ಕಟ್ಟಿಹಾಕುತ್ತದೆ, ಹತ್ತು ತಿಂಗಳ ಪಾಲಿಸಿ ಎರಡು ತಿಂಗಳು ಮೊದಲೇ ಗ್ರಾಹಕನನ್ನು ಹೊಸ ದರಕ್ಕೆ ಒಡ್ಡುತ್ತದೆ. ನಮ್ಮ ಉದಾಹರಣೆಗೇ ಮರಳಿದರೆ, ಎರಡನೆಯ ಪಾಲಿಸಿ ಮುಗಿಯುವ ಹೊತ್ತಿಗೆ ದರಗಳು ಶೇ 20ರಷ್ಟು ಏರಿದ್ದವು ಎಂದುಕೊಳ್ಳಿ. ಬೋನಸ್ ಹೆಚ್ಚಿದ್ದರಿಂದ 70ರಿಂದ 60ಕ್ಕೆ ಇಳಿಯಬೇಕಿದ್ದ ತಿಂಗಳ ಪ್ರೀಮಿಯಂ 72 ಆಗುತ್ತದೆ, ಅಂದರೆ ಹಳೆಯ ಪಾಲಿಸಿಯಲ್ಲೇ ಇನ್ನೆರಡು ತಿಂಗಳು ಇದ್ದಿದ್ದರೆ ಕಡಿಮೆ ಬೀಳುತ್ತಿತ್ತು. ಮೊದಲ ಮೆಟ್ಟಿಲಿಗೆ ಮಾತ್ರ ಈ ಅಪಾಯವನ್ನು ತಾಳುವ ಶಕ್ತಿಯಿದೆ: 70 ಪೌಂಡ್ 84 ಆದರೂ ಅದು 100ಕ್ಕಿಂತ ಕಡಿಮೆಯೇ. ದರಗಳು ಇಳಿಯುತ್ತಿರುವಾಗ ಬೇಗ ನವೀಕರಿಸುವವರಿಗೆ ಲಾಭ. ಆದರೆ ಮುಂದಿನ ವರ್ಷ ದರ ಯಾವ ಕಡೆ ಹೋಗುತ್ತದೆಂದು ಊಹಿಸಿ ಪಾಲಿಸಿಯ ಅವಧಿಯನ್ನು ಆರಿಸುವುದು ಸಾಮಾನ್ಯ ಕುಟುಂಬಕ್ಕೆ ತಕ್ಕ ಕೆಲಸವಲ್ಲ.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆಯೇ ಇದೆ. ಬೋನಸ್ಸಿನ ವರ್ಷವನ್ನು ಬೇಗ ಗಳಿಸಬಹುದು, ಆದರೆ ವಿಮೆಯ ದರವನ್ನು ನಿರ್ಧರಿಸುವ ಉಳಿದ ಸಂಗತಿಗಳು ಪಂಚಾಂಗದ ಪ್ರಕಾರವೇ ನಡೆಯುತ್ತವೆ. ಹತ್ತೊಂಬತ್ತರ ಹುಡುಗ ಹತ್ತು ತಿಂಗಳಲ್ಲಿ ಒಂದು ವರ್ಷ ದೊಡ್ಡವನಾಗುವುದಿಲ್ಲ, ಲೈಸೆನ್ಸ್ ಪಡೆದು ಎಷ್ಟು ಕಾಲವಾಯಿತು ಎಂಬ ಪ್ರಶ್ನೆಗೆ ಅವನ ಉತ್ತರ ಹತ್ತು ತಿಂಗಳು ಎಂದೇ ಇರುತ್ತದೆ. ಕಂಪನಿಗಳು ವಯಸ್ಸು, ಲೈಸೆನ್ಸಿನ ಅವಧಿ, ಮನೆಯ ಪಿನ್‌ಕೋಡ್, ಕಾರಿನ ಮಾದರಿ, ಉದ್ಯೋಗ, ವರ್ಷಕ್ಕೆ ಓಡಿಸುವ ಮೈಲಿ ಇವೆಲ್ಲವನ್ನೂ ಒಟ್ಟಿಗೆ ತೂಗಿ ಒಂದು ಬೆಲೆಗೆ ಬರುತ್ತವೆ. ನೋ ಕ್ಲೇಮ್ ಬೋನಸ್ ಎಂಬುದು ಅಂಗಡಿಯ ರಿಯಾಯಿತಿ ಚೀಟಿಯಂತೆ ಎಲ್ಲ ಕಡೆಯೂ ಒಂದೇ ಮೂಲ ಬೆಲೆಯಿಂದ ಕಳೆಯುವ ಮೊತ್ತವಲ್ಲ. ಮೂಲ ಬೆಲೆಯೇ ಕಂಪನಿಯಿಂದ ಕಂಪನಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತಿರುವಾಗ, ಶೇ 30 ಎಂಬ ಅಂಕಿಯನ್ನು ನಂಬಿ ಮುಂದಿನ ಪ್ರೀಮಿಯಂ ಅಷ್ಟೇ ಇಳಿಯುತ್ತದೆಂದು ಲೆಕ್ಕ ಹಾಕುವುದು ನಿರಾಶೆಗೆ ದಾರಿ. ನಲವತ್ತು ವಯಸ್ಸಿನ, ಅನುಭವವಿರುವ, ಹೊಸದಾಗಿ ವಲಸೆ ಬಂದ ಚಾಲಕನಿಗೆ ಬೋನಸ್ಸಿಗಿಂತಲೂ ಅಲ್ಲಿನ ಲೈಸೆನ್ಸ್ ಪಡೆದದ್ದೇ ಹೆಚ್ಚು ಉಳಿಸಬಹುದು. ಆದ್ದರಿಂದ ಹನ್ನೆರಡು ತಿಂಗಳ ಗಡುವಿನವರೆಗೆ ಕಾಯದೆ ಮೊದಲ ಕೆಲವು ತಿಂಗಳಲ್ಲೇ ಪರೀಕ್ಷೆಗೆ ಹೆಸರು ಕೊಡುವುದು ಹತ್ತು ತಿಂಗಳ ಪಾಲಿಸಿಯನ್ನು ಹುಡುಕುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಚಾಲನೆಯ ರೀತಿಯನ್ನು ದಾಖಲಿಸುವ ಪೆಟ್ಟಿಗೆಯನ್ನು ಕಾರಿಗೆ ಅಳವಡಿಸುವ ಪಾಲಿಸಿಗಳನ್ನೂ ಹೊಸ ಚಾಲಕರು ಒಮ್ಮೆ ನೋಡಬೇಕು. ಅವು ಅಳೆಯುವುದು ನಿಜವಾದ ಚಾಲನೆಯನ್ನು, ಬೋನಸ್ ಅಳೆಯುವುದು ಕ್ಲೇಮ್ ಮಾಡದೆ ಕಳೆದ ಕಾಲವನ್ನು.

ಹತ್ತು ತಿಂಗಳನ್ನೇ ಒಂದು ವರ್ಷವೆಂದು ಎಣಿಸಲು ಒಂದು ಕಂಪನಿ ಸಿದ್ಧವಾಗಿದೆ ಎಂಬ ಸಂಗತಿಯೂ ಯೋಚನೆಗೆ ಹಚ್ಚುವಂಥದ್ದು. ಬೋನಸ್ ಎಂಬುದು ಸುರಕ್ಷಿತ ಚಾಲನೆಯ ಕರಾರುವಾಕ್ಕಾದ ಅಳತೆಯಾಗಿದ್ದರೆ ಅದನ್ನು ಹೀಗೆ ಎರಡು ತಿಂಗಳು ಮೊಟಕುಗೊಳಿಸಲು ಬರುತ್ತಿರಲಿಲ್ಲ. ಅದು ಅಳತೆಯೂ ಹೌದು, ಗ್ರಾಹಕರನ್ನು ಸೆಳೆಯುವ ಬೆಲೆಯ ಉಪಕರಣವೂ ಹೌದು. ಯಾವ ಕಂಪನಿಯೂ ಬಯಸಿ ಕರೆಯದ ಸೊನ್ನೆ ಬೋನಸ್ಸಿನ ಗ್ರಾಹಕನನ್ನು ಮೊದಲ ದಿನವೇ ತನ್ನವನನ್ನಾಗಿ ಮಾಡಿಕೊಂಡರೆ, ಆತ ಮುಂದೆ ಕಡಿಮೆ ಅಪಾಯದ ಚಾಲಕನಾದಾಗಲೂ ಉಳಿದುಕೊಳ್ಳುವ ಸಂಭವ ಹೆಚ್ಚು ಎಂಬುದು ವ್ಯಾಪಾರದ ಲೆಕ್ಕ. ಇದರಲ್ಲಿ ತಪ್ಪೇನಿಲ್ಲ, ಆದರೆ ಉಳಿದುಕೊಳ್ಳುವ ಬಾಧ್ಯತೆ ಗ್ರಾಹಕನಿಗಿಲ್ಲ. ಹಳೆಯ ಗ್ರಾಹಕರಿಗೆ ನವೀಕರಣದಲ್ಲಿ ಹೊಸಬರಿಗಿಂತ ಹೆಚ್ಚಿನ ಬೆಲೆ ಹೇಳಬಾರದೆಂದು ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆಯಾದ ಎಫ್‌ಸಿಎ 2022ರ ಜನವರಿ 1ರಿಂದ ನಿಯಮ ತಂದಿದೆ. ಅದು ಒಂದೇ ಕಂಪನಿಯೊಳಗಿನ ತಾರತಮ್ಯವನ್ನು ತಡೆಯುತ್ತದೆಯೇ ಹೊರತು ಇನ್ನೊಂದು ಕಂಪನಿಯಲ್ಲಿ ಅಗ್ಗವಾಗಿ ಸಿಗುವುದಿಲ್ಲ ಎಂದು ಅರ್ಥವಲ್ಲ. ಹತ್ತನೆಯ ತಿಂಗಳು ಮುಗಿಯುವ ಮೂರು ನಾಲ್ಕು ವಾರ ಮುಂಚೆ ಮತ್ತೆ ಇಡೀ ಮಾರುಕಟ್ಟೆಯನ್ನು ನೋಡಲೇಬೇಕು.

ಹಾಗೆ ಬೇರೆ ಕಂಪನಿಗೆ ಹೋಗುವಾಗ ಹತ್ತು ತಿಂಗಳ ಬೋನಸ್ಸನ್ನು ಅವರು ಒಂದು ವರ್ಷವೆಂದು ಒಪ್ಪುತ್ತಾರೆಯೇ? ಬೋನಸ್ ಪ್ರಮಾಣಪತ್ರದಲ್ಲಿ ಒಂದು ವರ್ಷ ಎಂದೇ ಬರೆದಿರುತ್ತದೆ, ಆದರೆ ಪಾಲಿಸಿಯ ಆರಂಭ ಮತ್ತು ಮುಕ್ತಾಯದ ದಿನಾಂಕಗಳನ್ನು ನೋಡಿದ ಹೊಸ ಕಂಪನಿ ಪ್ರಶ್ನೆ ಎತ್ತಬಹುದು. ಒಬ್ಬರು ಕೊಟ್ಟ ಬೋನಸ್ಸನ್ನು ಇನ್ನೊಬ್ಬರು ಒಪ್ಪಲೇಬೇಕೆಂಬ ಕಾನೂನು ಇಲ್ಲ. ಹಾಗಾಗಿ ಹಣ ಕಟ್ಟುವ ಮೊದಲೇ, ಇದು ಹತ್ತು ತಿಂಗಳ ಪಾಲಿಸಿಯಿಂದ ಬಂದದ್ದು ಎಂದು ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಬೇಕು. ಗ್ರಾಹಕ ತಪ್ಪು ಮಾಹಿತಿ ಕೊಡದಂತೆ ಸೂಕ್ತ ಎಚ್ಚರ ವಹಿಸಬೇಕೆಂಬುದು 2012ರ ಗ್ರಾಹಕ ವಿಮಾ ಕಾಯಿದೆಯ ಹೊಣೆ. ಅದನ್ನು ಪಾಲಿಸಿದ್ದಕ್ಕೆ ಆ ಪತ್ರವೇ ಸಾಕ್ಷಿ. ಮುಖ್ಯ ಚಾಲಕ ಮಗನಾಗಿದ್ದರೂ ಅಗ್ಗವಾಗುತ್ತದೆಂದು ಅಪ್ಪನ ಹೆಸರಿನಲ್ಲಿ ಪಾಲಿಸಿ ಮಾಡಿಸುವುದನ್ನು ಅಲ್ಲಿ ವಂಚನೆ ಎಂದೇ ಪರಿಗಣಿಸುತ್ತಾರೆ. ಅಪಘಾತವಾದ ದಿನ ಅಂಥ ಪಾಲಿಸಿ ಕೈಕೊಡುತ್ತದೆ. ಪ್ರೀಮಿಯಂ ಭಾರವಾದಾಗ ಈ ದಾರಿಯತ್ತ ವಾಲುವ ಕುಟುಂಬಗಳಿಗೆ ಹತ್ತು ತಿಂಗಳ ಪಾಲಿಸಿ ಒಂದು ಪ್ರಾಮಾಣಿಕ ಪರ್ಯಾಯ ಎಂಬುದನ್ನು ಮಾತ್ರ ಒಪ್ಪಲೇಬೇಕು.

ಅಪಘಾತವಾದರೆ ಎರಡೂ ಬಗೆಯ ಪಾಲಿಸಿಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕ್ಲೇಮ್ ಆದ ಅವಧಿಗೆ ಬೋನಸ್ ಸಿಗುವುದಿಲ್ಲ, ಹಿಂದಿನದರಲ್ಲೂ ಒಂದಷ್ಟು ಕಡಿತವಾಗುತ್ತದೆ. ಬೋನಸ್ ಉಳಿದರೂ ಸಾಮಾನ್ಯವಾಗಿ ಕಳೆದ ಐದು ವರ್ಷಗಳ ಅಪಘಾತಗಳ ವಿವರವನ್ನು ಕಂಪನಿಗಳು ಕೇಳುತ್ತವೆ, ಆ ಕಾರಣಕ್ಕೇ ದರ ಏರುತ್ತದೆ. ಅವಧಿ ಮುಗಿಯುವ ಮೊದಲು ಪಾಲಿಸಿಯನ್ನು ರದ್ದುಪಡಿಸಿದರೆ ಒಂಬತ್ತು ತಿಂಗಳಾಗಿದ್ದರೂ ಬೋನಸ್ ಇಲ್ಲ.

ಭಾರತದಲ್ಲಿ ಇಂಥ ಪಾಲಿಸಿ ಏಕೆ ಬಂದಿಲ್ಲ ಎಂಬ ಪ್ರಶ್ನೆಗೆ ಉತ್ತರ ನಮ್ಮ ನಿಯಮದಲ್ಲೇ ಇದೆ. ವಾಹನ ವಿಮೆಯ ನಿಯಮಾವಳಿಯಾದ 2002ರ ಮೋಟಾರ್ ಟ್ಯಾರಿಫ್ ಪ್ರಕಾರ ನೋ ಕ್ಲೇಮ್ ಬೋನಸ್ ಸಿಗುವುದು ಪೂರ್ತಿ ಹನ್ನೆರಡು ತಿಂಗಳ ಪಾಲಿಸಿ ಮುಗಿದ ಬಳಿಕದ ನವೀಕರಣದಲ್ಲಿ ಮಾತ್ರ. ಶೇ 20, 25, 35, 45, 50 ಎಂಬ ಮೆಟ್ಟಿಲುಗಳೂ ಎಲ್ಲ ಕಂಪನಿಗಳಿಗೂ ಸಮಾನ. ರಿಯಾಯಿತಿ ಅನ್ವಯವಾಗುವುದು ನಮ್ಮ ಕಾರಿಗೇ ಆದ ಹಾನಿಯನ್ನು ತುಂಬುವ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಸರ್ಕಾರವೇ ನಿಗದಿಪಡಿಸುವ ಥರ್ಡ್ ಪಾರ್ಟಿ ಪ್ರೀಮಿಯಂ ಬೋನಸ್ ಇದ್ದರೂ ಇಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಬೋನಸ್ ಇಡೀ ಪ್ರೀಮಿಯಂ ಮೇಲೆ ಪ್ರಭಾವ ಬೀರುವುದರಿಂದಲೇ ಎರಡು ತಿಂಗಳಿಗೆ ಅಷ್ಟು ಬೆಲೆ ಬಂದಿದೆ.

ಎರಡು ಮೂರು ವರ್ಷಕ್ಕೆಂದು ಬ್ರಿಟನ್ನಿಗೆ ಹೋಗುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಅವರ ಪಾಲಿಗೆ ಮೇಲಿನ ಐದು ವರ್ಷಗಳ ಲೆಕ್ಕ ಮೊಟಕಾಗುತ್ತದೆ, ಮೊದಲ ಪಾಲಿಸಿಯಿಂದ ಸಿಗುವ 120 ಪೌಂಡ್‌ನಲ್ಲಿ 60 ಪೌಂಡ್ ಮೊದಲ ನವೀಕರಣದಲ್ಲೇ, 20 ಪೌಂಡ್ ಎರಡನೆಯದರಲ್ಲಿ ಬರುತ್ತದೆ, ಮಿಕ್ಕದ್ದು ಕೈಗೆ ಬರುವ ಮೊದಲೇ ವಾಪಸಾತಿಯ ಟಿಕೆಟ್ ಬಂದಿರುತ್ತದೆ. ಆದ್ದರಿಂದ ಹತ್ತು ತಿಂಗಳ ಪಾಲಿಸಿಯ ತಿಂಗಳ ದರ ಅತಿ ಅಗ್ಗದ ವಾರ್ಷಿಕ ಪಾಲಿಸಿಯದಕ್ಕಿಂತ ಶೇ 8 ದಾಟಿದರೆ ಅವರು ವಾರ್ಷಿಕವನ್ನೇ ಆರಿಸುವುದು ಒಳ್ಳೆಯದು. ಹೊರದೇಶದಲ್ಲಿ ಗಳಿಸಿದ ನೋ ಕ್ಲೇಮ್ ಬೋನಸ್ಸನ್ನು, ಅಲ್ಲಿನ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಪುರಾವೆ ಸಹಿತ ತೋರಿಸಿದರೆ, ಪರಿಗಣಿಸಲು ನಮ್ಮ ಟ್ಯಾರಿಫ್ ನಿಯಮದಲ್ಲಿ ಅವಕಾಶವಿದೆ. ಆದರೆ ಅದೇ ನಿಯಮ ಪೂರ್ತಿ ಹನ್ನೆರಡು ತಿಂಗಳನ್ನು ಕೇಳುವುದರಿಂದ, ಹತ್ತು ತಿಂಗಳ ಪಾಲಿಸಿಯಿಂದ ಬಂದ ವರ್ಷವನ್ನು ಬೆಂಗಳೂರಿನ ವಿಮಾ ಕಚೇರಿ ಒಪ್ಪುತ್ತದೆಂದು ಎಣಿಸಿಕೊಂಡು ಆ ಪಾಲಿಸಿಯನ್ನು ಆರಿಸಬಾರದು.